ಪಿಆರ್ ಅರ್ಜಿಗೆ ಹಲವು ದೇಶಗಳ ಪೊಲೀಸ್ ಪತ್ರ

ಕೇಳುಗರೆಲ್ಲರಿಗೂ ನಮಸ್ಕಾರ. ಆಸ್ಟ್ರೇಲಿಯಾದಲ್ಲಿ ಕಾಯಂ ವಾಸಕ್ಕೆ, ಅಂದರೆ ನಾವೆಲ್ಲ ಪಿಆರ್ ಎನ್ನುವ ವೀಸಾಕ್ಕೆ, ಅರ್ಜಿ ಹಾಕುವ ನಮ್ಮವರು ಇಂಗ್ಲಿಷ್ ಪರೀಕ್ಷೆಯ ಅಂಕಗಳಿಗಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಪಿಸಿಸಿ, ಅಂದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನು ಮಾತ್ರ, ತಮ್ಮ ಮೇಲೆ ಯಾವ ಕೇಸೂ ಇಲ್ಲವೆಂಬ ಧೈರ್ಯದಲ್ಲಿ, ಕೊನೆಗೆ ಉಳಿಸಿಕೊಳ್ಳುತ್ತಾರೆ. ಕೇಸು ಇಲ್ಲದಿದ್ದರೂ, ಅದು ಇಲ್ಲವೆಂದು ಹಲವು ದೇಶಗಳಿಂದ ಬರೆಸಿಕೊಂಡು ಬರುವುದಕ್ಕೆ ಸಮಯ ಹಿಡಿಯುತ್ತದೆ.

16 ವರ್ಷ ತುಂಬಿದ ಮೇಲೆ, ಕಳೆದ 10 ವರ್ಷಗಳಲ್ಲಿ, ಒಟ್ಟು 12 ತಿಂಗಳು ಅಥವಾ ಹೆಚ್ಚು ಕಾಲ ವಾಸವಿದ್ದ ಪ್ರತಿಯೊಂದು ದೇಶದ ಪತ್ರವೂ ಬೇಕೆಂಬುದು ಇಲ್ಲಿನ ನಿಯಮ. ಕೆನಡಾದ ಪಿಆರ್ ಪದ್ಧತಿಯಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಸತತವಾಗಿ 6 ತಿಂಗಳು ಇದ್ದ ದೇಶಗಳನ್ನು ಲೆಕ್ಕಕ್ಕೆ ಹಿಡಿದರೆ, ಆಸ್ಟ್ರೇಲಿಯಾದಲ್ಲಿ ಬಿಡಿಬಿಡಿಯಾಗಿ ಇದ್ದ ದಿನಗಳನ್ನೂ ಕೂಡಿಸುತ್ತಾರೆ. ಬೆಂಗಳೂರಿನ ಐಟಿ ಕಂಪನಿಯಿಂದ ಮೂರು ತಿಂಗಳು, ಐದು ತಿಂಗಳು ಎಂದು ಹಲವು ಸಲ ಅಮೆರಿಕಕ್ಕೆ ಆನ್‌ಸೈಟ್ ಹೋಗಿ ಬಂದವರು ಎಡವುವುದು ಇಲ್ಲಿಯೇ. ಆದ್ದರಿಂದ ಮೊದಲ ಕೆಲಸವೆಂದರೆ, ಹಳೆಯ ಪಾಸ್‌ಪೋರ್ಟ್‌ಗಳನ್ನೂ ತೆಗೆದಿಟ್ಟುಕೊಂಡು, ವಲಸೆ ಮೊಹರುಗಳ ದಿನಾಂಕ ನೋಡಿ ಹತ್ತು ವರ್ಷದ ಪಟ್ಟಿ ಬರೆದುಕೊಳ್ಳುವುದು.

ಅಮೆರಿಕದ ಪತ್ರವನ್ನು ಕೊಡುವುದು ಎಫ್‌ಬಿಐ. ಶುಲ್ಕ 18 ಡಾಲರ್. ಆದರೆ ಅರ್ಜಿಯ ಜೊತೆಗೆ ಹತ್ತೂ ಬೆರಳುಗಳ ಅಚ್ಚು ಬೇಕು. ಕಾಗದದ ಕಾರ್ಡಿನ ಮೇಲೆ ಶಾಯಿಯಲ್ಲಿ ಅಚ್ಚು ಕೊಡುವಾಗ ಬೆರಳನ್ನು ಸುಮ್ಮನೆ ಒತ್ತಿದರೆ ಸಾಲದು, ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹೊರಳಿಸಬೇಕು. ಶಾಯಿ ಹೆಚ್ಚಾದರೆ ಗೆರೆಗಳು ಕಲಸಿಹೋಗುತ್ತವೆ, ಕಡಿಮೆಯಾದರೆ ಮೂಡುವುದೇ ಇಲ್ಲ. ಎರಡರಲ್ಲಿ ಏನಾದರೂ ಕಾರ್ಡು ತಿರಸ್ಕೃತವಾಗಬಹುದು. ಒಂದೇ ಸಲಕ್ಕೆ ಎರಡು ಕಾರ್ಡು ಮಾಡಿಸಿಟ್ಟುಕೊಳ್ಳುವುದು ಜಾಣತನವೆಂದು ನನ್ನ ಅನಿಸಿಕೆ.

ಇನ್ನು ಹೆಸರಿನ ವಿಷಯ, ಇದು ನಮಗೆ ವಿಶೇಷವಾಗಿ ಅಂಟಿಕೊಂಡದ್ದು. ಊರಿನ ಮತ್ತು ತಂದೆಯ ಇನಿಷಿಯಲ್ ಹೊತ್ತ ನಮ್ಮ ಹೆಸರು ಅಂಕಪಟ್ಟಿಯಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ ಇರುತ್ತದೆ. ಸರ್‌ನೇಮ್ ಜಾಗ ಖಾಲಿ ಇದ್ದವರಿಗೆ ಅಮೆರಿಕದ ವೀಸಾದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ತಿಳಿದಿಲ್ಲ) ಎಂಬ ಮೂರಕ್ಷರವೇ ಮೊದಲ ಹೆಸರಾಗಿ ಕೂತಿರುತ್ತದೆ. ಬಳಸಿದ ಹೆಸರುಗಳನ್ನೆಲ್ಲ ಪ್ರತಿ ಅರ್ಜಿಯಲ್ಲೂ ಒಂದೇ ರೀತಿಯಲ್ಲಿ ತೋರಿಸಿ. ಮದುವೆಗೆ ಮುಂಚಿನ ಹೆಸರನ್ನು ಬಿಡಬೇಡಿ.

ಭಾರತದ ಪಿಸಿಸಿಯನ್ನು ಕೊಡುವುದು ಪಾಸ್‌ಪೋರ್ಟ್ ಕಚೇರಿ. ದೇಶದೊಳಗಿದ್ದರೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ 500 ರೂಪಾಯಿ ಕಟ್ಟಿ ಅರ್ಜಿ ಸಲ್ಲಿಸಬಹುದು. ಹೊರಗಿದ್ದರೆ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್ ಮೂಲಕ ಹೋಗಬೇಕು. ಊರಿನ ಠಾಣೆಯಿಂದ ಪರಿಶೀಲನೆ ಆಗಬೇಕಾಗಿ ಬಂದರೆ ಪೇದೆಯವರು ಮನೆಗೆ ಬರಬಹುದು. ವಿಷಯವೇ ತಿಳಿಯದ ವಯಸ್ಸಾದ ಅಪ್ಪ ಅಮ್ಮ ಗಾಬರಿಯಾಗದಂತೆ ಮೊದಲೇ ಒಂದು ಫೋನು ಮಾಡಿ, ಮಗ ಅಥವಾ ಮಗಳು ಯಾವ ವರ್ಷದವರೆಗೆ ಆ ಮನೆಯಲ್ಲಿದ್ದರೆಂಬುದನ್ನೂ ನೆನಪಿಸಿಬಿಡಿ. ಆಸ್ಟ್ರೇಲಿಯಾದೊಳಗಿನ ವಾಸಕ್ಕೆ ಬೇಕಾದದ್ದು ಆಸ್ಟ್ರೇಲಿಯನ್ ಫೆಡರಲ್ ಪೊಲೀಸರ ಪತ್ರ. ರಾಜ್ಯದ ಪೊಲೀಸರು ನೌಕರಿಗಾಗಿ ಕೊಟ್ಟದ್ದು ಇದಕ್ಕೆ ನಡೆಯುವುದಿಲ್ಲ.

ಪತ್ರಗಳನ್ನು ತೀರ ಮುಂಚೆ ತರಿಸಿಕೊಳ್ಳುವುದರಲ್ಲೂ ತೊಡಕಿದೆ, ಏಕೆಂದರೆ ವೀಸಾದ ಮಟ್ಟಿಗೆ ಅವುಗಳ ಆಯಸ್ಸು ಸಾಮಾನ್ಯವಾಗಿ ಕೊಟ್ಟ ದಿನದಿಂದ 12 ತಿಂಗಳು. ಕರ್ನಾಟಕದಲ್ಲಿದ್ದುಕೊಂಡೇ ಅರ್ಜಿ ಹಾಕುವವರಿಗೆ ಮೊದಲ ಸಲ ದೇಶ ಪ್ರವೇಶಿಸಬೇಕಾದ ಗಡುವನ್ನು ಕೂಡ ಪೊಲೀಸ್ ಪತ್ರ ಅಥವಾ ವೈದ್ಯಕೀಯ ತಪಾಸಣೆ, ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೆಯೋ ಅದಕ್ಕೆ ಹೊಂದಿಸುವುದು ರೂಢಿ. ನಿಧಾನವಾಗಿ ಬರುವ ದೇಶದ್ದನ್ನು ಮೊದಲು, ಬೇಗ ಬರುವುದನ್ನು ಕೊನೆಗೆ ಕೇಳಿದರೆ ಎಲ್ಲ ಪತ್ರಗಳ ದಿನಾಂಕವೂ ಹತ್ತಿರ ಹತ್ತಿರ ಬರುತ್ತದೆ.

ಎಷ್ಟು ಪ್ರಯತ್ನಿಸಿದರೂ ಯಾವುದೋ ದೇಶದ ಪತ್ರ ಸಿಗದೇ ಹೋದರೆ ಸುಮ್ಮನೆ ಕೂರಬೇಡಿ. ಕಳಿಸಿದ ಇಮೇಲ್, ಕೊರಿಯರ್ ರಸೀದಿ, ಬಂದ ಉತ್ತರ, ಇವೆಲ್ಲವನ್ನೂ ಕಾದಿರಿಸಿ ಅರ್ಜಿಗೆ ಲಗತ್ತಿಸಿ, ಏಕೆ ಸಿಗಲಿಲ್ಲವೆಂದು ಒಂದು ಪುಟದಲ್ಲಿ ವಿವರಿಸಿ, ಮುಂದಿನ ಸೂಚನೆಯನ್ನು ಅಧಿಕಾರಿಯಿಂದಲೇ ಕೇಳಿ ಪಡೆಯಿರಿ.