ಉಲ್ಕೆಯ ಸದ್ದು ನಮಗೆ ಕೇಳಿಸುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಉಲ್ಕೆ ಬೀಳುವಾಗ "ಸುಂಯ್" ಅಂತ ಸದ್ದು ಕೇಳಿಸಿತು ಎನ್ನುವವರು ನಿಮಗೂ ಸಿಕ್ಕಿರಬಹುದು. ಆಕಾಶ ನೋಡಲು ಹೋಗುವ ಗುಂಪಿನಲ್ಲಿ ಅಂಥವರು ಒಬ್ಬರಾದರೂ ಇರುತ್ತಾರೆ. ಉಳಿದವರು ಅವರನ್ನು ನೋಡಿ ನಗುತ್ತಾರೆ. ಇವತ್ತು ನಾನು ಅವರ ಪರ ವಾದ ಮಾಡಲು ಬಂದಿದ್ದೇನೆ. ಪೂರ್ತಿ ಅಲ್ಲ, ಮುಕ್ಕಾಲು ಪಾಲು.

ನಗುವವರ ಲೆಕ್ಕವನ್ನೇ ಮೊದಲು ನೋಡೋಣ. ಸಾಮಾನ್ಯ ಉಲ್ಕೆ ಅಂದರೆ ಮರಳಿನ ಕಣದಷ್ಟು ಪುಡಿ. ಸೆಕೆಂಡಿಗೆ 11ರಿಂದ 72 ಕಿಲೋಮೀಟರ್ ವೇಗದಲ್ಲಿ ನುಗ್ಗಿ ಬಂದು, ಸುಮಾರು 100 ಕಿಲೋಮೀಟರ್ ಎತ್ತರದಲ್ಲೇ ಉರಿದುಹೋಗುತ್ತದೆ. ಅಲ್ಲಿ ಗಾಳಿ ಇದ್ದೂ ಇಲ್ಲದ ಹಾಗೆ. ಹೇಗೋ ಸದ್ದು ಹುಟ್ಟಿತು ಅಂತಲೇ ಇಟ್ಟುಕೊಳ್ಳಿ. ಒಂದು ಕಿಲೋಮೀಟರ್ ಸಾಗಲು ಸದ್ದಿಗೆ ಮೂರು ಸೆಕೆಂಡು ಬೇಕು. ನಮ್ಮ ಹತ್ತಿರ ಬರುವಷ್ಟರಲ್ಲಿ ಐದು ನಿಮಿಷ ಆಗಿರುತ್ತದೆ. ಉಲ್ಕೆ ಕಾಣುವುದೋ ಒಂದೆರಡು ಸೆಕೆಂಡು. ಕಂಡ ಕ್ಷಣವೇ ಕೇಳಿಸಿತು ಅಂದರೆ ಯಾರು ನಂಬುತ್ತಾರೆ, ಅಲ್ವಾ?

ಆಕಾಶದಿಂದ ಇಳಿದು ಬರುವ ಸದ್ದು ಹೇಗಿರುತ್ತದೆ ಅನ್ನುವುದನ್ನು ರಷ್ಯಾದ ಚೆಲ್ಯಾಬಿನ್ಸ್ಕ್ ತೋರಿಸಿಕೊಟ್ಟಿತು. 2013ರ ಫೆಬ್ರವರಿ 15, ಬೆಳಗಿನ ಹೊತ್ತು. ಹತ್ತಿರ ಹತ್ತಿರ 20 ಮೀಟರ್ ಅಗಲದ ಬಂಡೆ ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಸಿಡಿಯಿತು. ಕಣ್ಣು ಕೋರೈಸುವ ಬೆಳಕು ಬಂತು. ಏನದು ಅಂತ ಜನ ಕಿಟಕಿಗೆ ಓಡಿದರು. ಎರಡು ನಿಮಿಷಕ್ಕೂ ಜಾಸ್ತಿ ಹೊತ್ತು ಏನೂ ಇಲ್ಲ. ಆಮೇಲೆ ಆಘಾತದ ಅಲೆ ಬಂದು ಗಾಜುಗಳನ್ನೆಲ್ಲ ಪುಡಿ ಮಾಡಿತು. ಗಾಯಗೊಂಡವರು ಸುಮಾರು 1,500 ಮಂದಿ. ಹೆಚ್ಚಿನವರಿಗೆ ತಗುಲಿದ್ದು ಗಾಜಿನ ಚೂರೇ. ಬೆಳಕಿಗೂ ಸದ್ದಿಗೂ ನಡುವೆ ಎಷ್ಟು ಅಂತರ ಇರುತ್ತದೆ ಎಂದು ಗೊತ್ತಿದ್ದರೆ ಎಷ್ಟೋ ಜನ ಕಿಟಕಿ ಬಿಟ್ಟು ದೂರ ಸರಿಯುತ್ತಿದ್ದರು.

ಹೀಗೆ ತಡವಾಗಿ ಬರುವ ಗುಡುಗಿನ ಬಗ್ಗೆ ಯಾರದೂ ತಕರಾರಿಲ್ಲ. ತಕರಾರು ಇರುವುದು ಜೊತೆಜೊತೆಗೇ ಕೇಳುವ ಸಣ್ಣ ಸದ್ದಿನ ಬಗ್ಗೆ. ಕೇಳಿದವರು ಅದನ್ನು ಸುಂಯ್‌ಗುಡುವಿಕೆ ಅನ್ನುತ್ತಾರೆ, ಒಗ್ಗರಣೆಯ ಚಟಪಟ ಇದ್ದ ಹಾಗೆ ಅನ್ನುತ್ತಾರೆ. 1719ರಲ್ಲಿ ಇಂಗ್ಲೆಂಡಿನ ಮೇಲೆ ದೊಡ್ಡದೊಂದು ಬೆಂಕಿಯುಂಡೆ, ಅಂದರೆ ತೀರಾ ಜೋರಾಗಿ ಬೆಳಗುವ ಉಲ್ಕೆ, ಹಾದುಹೋಯಿತು. ಎಡ್ಮಂಡ್ ಹ್ಯಾಲಿ, ಧೂಮಕೇತುವಿನ ಹ್ಯಾಲಿಯೇ, ಕಂಡವರ ವರದಿಗಳನ್ನು ಕಲೆಹಾಕಿದ. ತೀರಾ ಹತ್ತಿರದಲ್ಲೇ ಹಾದುಹೋದ ಹಾಗೆ ಸುಂಯ್‌ಗುಟ್ಟಿತು ಅಂತ ಕೆಲವರು ಹೇಳಿದ್ದರು. ಹ್ಯಾಲಿ ಎತ್ತರದ ಲೆಕ್ಕ ಹಾಕಿದ. 100 ಕಿಲೋಮೀಟರಿಗೂ ಮೇಲೆ. ಹಾಗಾದರೆ ಇದೆಲ್ಲ ಬರೀ ಭ್ರಮೆ ಅಂತ ಬದಿಗೆ ಸರಿಸಿದ. ಹ್ಯಾಲಿಯ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ ಸದ್ದು ಆಕಾಶದಲ್ಲೇ ಹುಟ್ಟಿರಬೇಕು ಅಂತ ಅವನು ಸುಮ್ನೆ ಒಪ್ಪಿಕೊಂಡುಬಿಟ್ಟ. ನಮ್ಮ ಪಕ್ಕದಲ್ಲೇ ಹುಟ್ಟಿದ್ದರೆ?

ಈ ಪ್ರಶ್ನೆಯನ್ನು ಪಟ್ಟು ಹಿಡಿದು ಕೇಳಿದವರು ಆಸ್ಟ್ರೇಲಿಯಾದ ಭೌತವಿಜ್ಞಾನಿ ಕಾಲಿನ್ ಕೀ. 1978ರಲ್ಲಿ ನ್ಯೂ ಸೌತ್ ವೇಲ್ಸ್ ಮೇಲೆ ಹಾದ ಬೆಂಕಿಯುಂಡೆಯ ಬಗ್ಗೆ ಜನ ಹೇಳಿದ್ದನ್ನು ಅವರು ಗಂಭೀರವಾಗಿ ತೆಗೆದುಕೊಂಡರು. 1980ರಲ್ಲಿ ತಮ್ಮ ಉತ್ತರವನ್ನು ಪ್ರಕಟಿಸಿದರು. ಉಲ್ಕೆಯ ಹಿಂದಿನ ಬಿಸಿ ಅನಿಲ ಭೂಮಿಯ ಕಾಂತಕ್ಷೇತ್ರವನ್ನು ತಿರುಚುತ್ತದೆ. ಅದು ಬಿಡಿಸಿಕೊಳ್ಳುವಾಗ ತೀರಾ ಕಡಿಮೆ ಕಂಪನಾಂಕದ ರೇಡಿಯೊ ತರಂಗ ಹೊರಡುತ್ತದೆ. ಅದು ಬೆಳಕಿನ ವೇಗದಲ್ಲೇ ನಮ್ಮನ್ನು ಮುಟ್ಟಿ, ಕೂದಲು, ಕನ್ನಡಕ, ಹುಲ್ಲು, ಒಣ ಎಲೆ ಇಂಥವನ್ನು ನಡುಗಿಸುತ್ತದೆ. ಆ ನಡುಕವೇ ಸದ್ದು. ಸದ್ದಿಲ್ಲದ ಕೋಣೆಯಲ್ಲಿ ಜನರನ್ನು ಕೂರಿಸಿ ಕೀ ಪರೀಕ್ಷೆಯನ್ನೂ ಮಾಡಿದರು. ಗುಂಗುರು ಕೂದಲಿನವರಿಗೆ, ಕನ್ನಡಕದವರಿಗೆ ಚೆನ್ನಾಗಿ ಕೇಳಿಸಿತಂತೆ! ನನ್ನಂಥ ಬೋಳುತಲೆಯವರು ಕನ್ನಡಕವನ್ನೇ ನೆಚ್ಚಿಕೊಳ್ಳಬೇಕು.

1998ರ ನವೆಂಬರಿನಲ್ಲಿ, ಲಿಯೊನಿಡ್ ಉಲ್ಕಾವೃಷ್ಟಿಯ ಹೊತ್ತಿಗೆ, ಕ್ರೊಯೇಷಿಯಾದ ಸಂಶೋಧಕರು ಮಂಗೋಲಿಯಾಕ್ಕೆ ಮೈಕ್ ಹೊತ್ತು ಹೋದರು. ಎರಡು ಬೆಂಕಿಯುಂಡೆಗಳು ಹಾದಾಗ ಮೈಕಿನಲ್ಲಿ ಗಿಡ್ಡನೆಯ, ಕೆಳದನಿಯ ಸದ್ದು ದಾಖಲಾಯಿತು. ಅಲ್ಲಿದ್ದ ಜನರ ಕಿವಿಗೂ ಅದೇ ಹೊತ್ತಿಗೆ ಬಿತ್ತು. ಮೈಕಿಗೆ ಭ್ರಮೆ ಬರುವುದಿಲ್ಲವಲ್ಲ! ಆದರೆ ಪಕ್ಕದಲ್ಲೇ ಇಟ್ಟಿದ್ದ ರೇಡಿಯೊ ಉಪಕರಣಕ್ಕೆ 500 ಹರ್ಟ್ಸ್‌ಗಿಂತ ಮೇಲೆ ಆ ಸದ್ದಿಗೆ ಹೊಂದುವ ಯಾವ ತರಂಗವೂ ಸಿಗಲಿಲ್ಲ. ಅಂದರೆ ಸದ್ದು ನಿಜ, ಕಾರಣ ಮಾತ್ರ ಕೈಗೆ ಸಿಗಲಿಲ್ಲ.

ಇನ್ನೊಂದು ವಿವರಣೆ 2017ರಲ್ಲಿ ಬಂತು. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ರಿಚರ್ಡ್ ಸ್ಪಾಲ್ಡಿಂಗ್ ಮತ್ತು ಜೊತೆಗಾರರದು. ನನಗೆ ಇದೇ ಹೆಚ್ಚು ಹಿಡಿಸುತ್ತದೆ, ಯಾಕೆಂದರೆ ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬೆಂಕಿಯುಂಡೆಯ ಬೆಳಕು ಒಂದೇ ಸಮನಾಗಿರುವುದಿಲ್ಲ. ಸೆಕೆಂಡಿಗೆ ಎಷ್ಟೋ ಸಲ ಮಿಣುಕುತ್ತದೆ. ಆ ಬೆಳಕು ಕೂದಲು, ಕಪ್ಪು ಬಟ್ಟೆ, ಎಲೆಗಳ ಮೇಲೆ ಬಿದ್ದಾಗ ಅವು ಒಂಚೂರು ಬಿಸಿಯಾಗಿ, ತಣಿದು, ಮತ್ತೆ ಬಿಸಿಯಾಗುತ್ತವೆ. ಅಂಟಿಕೊಂಡ ಗಾಳಿಯೂ ಹಿಗ್ಗಿ ಕುಗ್ಗುತ್ತದೆ. ಹಿಗ್ಗಿ ಕುಗ್ಗುವ ಗಾಳಿ ಅಂದರೆ ಸದ್ದೇ ತಾನೆ? 1880ರಲ್ಲೇ ಗ್ರಹಾಂ ಬೆಲ್ ಬಿಸಿಲನ್ನು ತುಂಡುತುಂಡು ಮಾಡಿ ವಸ್ತುಗಳ ಮೇಲೆ ಬಿಟ್ಟು ಸದ್ದು ಹೊರಡಿಸಿದ್ದ. ದೀಪದ ಕಪ್ಪು ಹಚ್ಚಿದರೆ ಸದ್ದು ಜೋರು ಅನ್ನುವುದೂ ಅವನಿಗೆ ಗೊತ್ತಾಗಿತ್ತು.

ಇಗೋ, ಮೇಜಿನ ಮೇಲೆ ಒಂದು ಗಾಜಿನ ಬಾಟಲಿ ತಂದಿದ್ದೇನೆ. ಒಳಗೆ ಅರ್ಧ ಭಾಗಕ್ಕೆ ಮೇಣದಬತ್ತಿಯ ಮಸಿ ಹಿಡಿಸಿದೆ. ಇನ್ನರ್ಧ ಬರೀ ಗಾಜು. ಮುಚ್ಚಳದಲ್ಲಿ ಮೊಳೆಯಿಂದ ಹೊಡೆದ ತೂತು. ಪಕ್ಕದಲ್ಲಿ ಹಳೇ ಕಾಲದ 100 ವ್ಯಾಟಿನ ಫಿಲಮೆಂಟ್ ಬಲ್ಬು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಬಲ್ಬಿನ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಗೊತ್ತಾಗದು. ಬಾಟಲಿಯನ್ನು ಬಲ್ಬಿನ ಹತ್ತಿರ ಹಿಡಿದು ತೂತಿಗೆ ಕಿವಿ ಕೊಟ್ಟರೆ ಸಣ್ಣಗೆ ಗುಂಯ್ ಅನ್ನುತ್ತದೆ.

ಈ ಬೆಳಕಿನ ವಿವರಣೆಯಲ್ಲೂ ಒಂದು ಎಡವಟ್ಟಿದೆ. ಸ್ಪಾಲ್ಡಿಂಗ್ ತಂಡದ ಲೆಕ್ಕದಂತೆ, ಬೆಂಕಿಯುಂಡೆ ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು ಬೆಳಗಿದರೆ ಸುಮಾರು 25 ಡೆಸಿಬೆಲ್ ಸದ್ದು ಬರಬಹುದು. ಪಿಸುಮಾತಿನಷ್ಟು. ಮಂಗೋಲಿಯಾದ ಎರಡರಲ್ಲಿ ಒಂದು ಅಷ್ಟು ಬೆಳಗಿತ್ತು. ಇನ್ನೊಂದು ಶುಕ್ರನಿಗಿಂತ ಐದಾರು ಪಟ್ಟು ಹೆಚ್ಚು ಬೆಳಕಿನದು, ಅಷ್ಟೇ. ಅದರ ಸದ್ದಿಗೆ ಈ ಲೆಕ್ಕ ಸಾಲದು. ಆಗಲೇ ಮುಕ್ಕಾಲು ಪಾಲು ಅಂದೆನಲ್ಲ, ಇನ್ನುಳಿದ ಕಾಲು ಪಾಲು ಮನಸ್ಸಿನ ಕೆಲಸ. ಸದ್ದಿಲ್ಲದ ವಿಡಿಯೊದಲ್ಲಿ ಏನೋ ಧೊಪ್ಪನೆ ಬಿದ್ದರೂ ಕೆಲವರಿಗೆ ಸದ್ದು ಕೇಳಿಸಿಬಿಡುತ್ತದೆ. ಕಡ್ಡಿ ಗೀರಿದಷ್ಟೇ ಹೊತ್ತು ಮಿನುಗುವ ಸಾದಾ ಉಲ್ಕೆಗೂ ಸದ್ದಿತ್ತು ಅಂದರೆ ನಾನು ಒಪ್ಪುವುದಿಲ್ಲ.

ಉಲ್ಕೆಯನ್ನು ಕೇಳಲು ಇನ್ನೊಂದು ದಾರಿ ರೇಡಿಯೊ. ಉಲ್ಕೆ ಹಾದಾಗ ಶಾರ್ಟ್‌ವೇವ್ ರಿಸೀವರಿನಲ್ಲಿ ಶಿಳ್ಳೆ ಕೇಳುತ್ತದೆ ಅಂತ ಚಮನ್‌ಲಾಲ್ ಮತ್ತು ವೆಂಕಟರಾಮನ್ ಎಂಬ ನಮ್ಮವರೇ 1941ರಲ್ಲಿ ಬರೆದರು. ಆ ಲೇಖನ ಬಂದಿದ್ದು ಬೆಂಗಳೂರಿನ 'ಎಲೆಕ್ಟ್ರೋಟೆಕ್ನಿಕ್ಸ್' ಪತ್ರಿಕೆಯಲ್ಲಿ. ಪ್ರಸಾರಕೇಂದ್ರದಿಂದ ನೇರ ಬಂದ ತರಂಗಕ್ಕೂ ಉಲ್ಕೆಗೆ ಬಡಿದು ಬಂದ ತರಂಗಕ್ಕೂ ಡಾಪ್ಲರ್ ಪರಿಣಾಮದಿಂದ, ಅಂದರೆ ಬಡಿದ ವಸ್ತು ಓಡುತ್ತಿರುವುದರಿಂದ, ಕಂಪನಾಂಕದಲ್ಲಿ ವ್ಯತ್ಯಾಸ ಬರುತ್ತದೆ. ಶಿಳ್ಳೆ ಆ ವ್ಯತ್ಯಾಸದ್ದು.

ಡಿಸೆಂಬರ್ 13–14ರ ಆಸುಪಾಸಿನಲ್ಲಿ ಜೆಮಿನಿಡ್ ಉಲ್ಕಾವೃಷ್ಟಿ ಇದೆ. ಹೋಗುವವರು ಊರ ಗದ್ದಲದಿಂದ ದೂರ ಹೋಗಿ. ಜೀರುಂಡೆ ಕಿರುಚುವ ಕಡೆ ಕೂತರೆ 25 ಡೆಸಿಬೆಲ್ ಎಲ್ಲಿ ಕೇಳುತ್ತದೆ? ಒಂದು ಫೋನನ್ನು ರೆಕಾರ್ಡಿಂಗಿಗೆ ಹಾಕಿ ನೆಲದ ಮೇಲೆ ಬಿಟ್ಟುಬಿಡಿ. ದೊಡ್ಡ ಬೆಂಕಿಯುಂಡೆ ಕಂಡರೆ ತಕ್ಷಣ "ಈಗ" ಅಂತ ಕೂಗಬೇಡಿ, ಆ ಕೂಗೇ ಸದ್ದನ್ನು ನುಂಗುತ್ತದೆ. ಹತ್ತು ಎಣಿಸಿ, ಆಮೇಲೆ ಹೇಳಿ. ಯಾರಿಗೆ ಕೇಳಿಸಿತು ಅನ್ನುವುದನ್ನು ಒಬ್ಬೊಬ್ಬರೂ ಬೇರೆ ಬೇರೆ ಬರೆದಿಡಿ, ಮಾತಾಡಿಕೊಂಡು ಬರೆಯಬೇಡಿ. ಕೇಳಿಸದೇ ಇದ್ದವರೂ ಬರೆಯಬೇಕು.

ಪ್ರಶ್ನೆ ಇರುವವರು ಕೇಳಿ. ಬಾಟಲಿಗೆ ಕಿವಿ ಕೊಡಬೇಕೆನ್ನುವವರು ಮುಂದೆ ಬನ್ನಿ. ಯಾರಾದರೂ ಆ ಫ್ಯಾನ್ ಸ್ವಲ್ಪ ಆಫ್ ಮಾಡ್ತೀರಾ?