ಒಂದೇ ಇಕ್ಕಳದ ಕರಿಯನಿಗೆ ಊಟ ಹುಡುಕಿದ್ದು

ರಾತ್ರಿ ಒಂಬತ್ತೂವರೆ. ಹೊರಗೆ ಮಳೆ ಹಿಡಿದು ಇವತ್ತಿಗೆ ನಾಲ್ಕು ದಿನ. ಹೆಂಚಿನ ಮೇಲೆ ಬೀಳುವ ಸದ್ದು ನಿಮಗೂ ಕೇಳಿಸುತ್ತಿರಬೇಕು. ಚಿಕ್ಕಮಗಳೂರಿನಲ್ಲಿ ಜುಲೈ ಅಂದ್ರೆ ಹೀಗೇ. ಒಗೆದ ಬಟ್ಟೆ ಒಣಗುವುದಿಲ್ಲ, ಕರೆಂಟ್ ಹೋಗಿ ಬಂದು ಮಾಡುತ್ತಲೇ ಇರುತ್ತದೆ. ಟೇಬಲ್ ಮೇಲೆ ಚಿಕ್ಕದೊಂದು ಕೆಂಪು ಲೈಟ್ ಇಟ್ಟಿದ್ದೇನೆ. ಕೆಂಪು ಬೆಳಕು ಚೇಳಿನ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ, ಹಾಗಾಗಿ ಗಾಬರಿಯಾಗದೆ ಹೊರಗೆ ಬರುತ್ತದೆ.

ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ಸಿಲ್ವರ್ ಓಕ್ ಮರದ ತೊಗಟೆ ಕಾಣುತ್ತಿದೆಯಲ್ಲ, ಅದರ ಕೆಳಗೆ ನೋಡಿ. ಕಪ್ಪಗೆ ಹೊಳೆಯುವ ಒಂದು ಇಕ್ಕಳ. ಒಂದೇ. ಇನ್ನೊಂದು ಕಡೆ ಬರೀ ಮೋಟು. ಇವನೇ ಕರಿಯ.

ಇವನಿಗೆ ಏನು ತಿನ್ನಿಸಬೇಕು ಅಂತ ಕಂಡುಕೊಳ್ಳಲು ನನಗೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು.

ಹೋದ ವರ್ಷ ಮಳೆ ಸ್ವಲ್ಪ ಬಿಟ್ಟ ಮೇಲೆ ಆಲ್ದೂರು ಹತ್ತಿರ ಚಿಕ್ಕಪ್ಪನ ತೋಟದಲ್ಲಿ ತೊಟ್ಟಿಲು ಗುಂಡಿ ತೆಗೆಯುತ್ತಿದ್ದರು. ಕಾಫಿ ಗಿಡಗಳ ಮಧ್ಯೆ ನೀರು ಇಂಗಲಿ ಅಂತ ತೋಡುತ್ತಾರಲ್ಲ, ಅದು. ಗುದ್ದಲಿಯ ಏಟು ಚೇಳಿನ ಬಿಲದ ಮೇಲೆ ಬಿತ್ತು. "ಚೇಳು ಐತೆ, ಹತ್ರ ಬರಬ್ಯಾಡಿ!" ಅಂತ ಕೆಲಸದ ಅಣ್ಣ ಕೂಗಿದರು. ಗುದ್ದಲಿ ಎರಡನೇ ಸಲ ಮೇಲೇಳುವ ಮೊದಲು ಓಡಿಹೋಗಿ ತಡೆದೆ. ಎಡಗಡೆಯ ಇಕ್ಕಳ ಆಗಲೇ ಮಣ್ಣಿನಲ್ಲಿ ಬೇರೆಯಾಗಿ ಬಿದ್ದಿತ್ತು. ತುಂಡಾದ ಜಾಗದಲ್ಲಿ ತಿಳಿನೀಲಿ ಬಣ್ಣದ ಒಂದು ಹನಿ. ಚೇಳಿನ ರಕ್ತದಲ್ಲಿ ನಮ್ಮ ಹಾಗೆ ಕಬ್ಬಿಣವಲ್ಲ, ತಾಮ್ರ ಇರುತ್ತದೆ, ಅದಕ್ಕೇ ಆ ಬಣ್ಣ. ಅವನು ಆಗ ನನ್ನ ಹೆಬ್ಬೆರಳಿನಷ್ಟು ಉದ್ದ ಇದ್ದ. ಇನ್ನೂ ಎಳೆಯ. ಅಲ್ಲೇ ಬಿಟ್ಟರೆ ಉಳಿಯುವುದಿಲ್ಲ ಅನ್ನಿಸಿತು, ಮನೆಗೆ ತಂದೆ.

ಇದನ್ನು ನೋಡಿ ನೀವು ಕಲ್ಲು ಎತ್ತಿ ಚೇಳು ಹುಡುಕಲು ಹೋಗಬೇಡಿ, ದಯವಿಟ್ಟು. ಅದರಲ್ಲೂ ಕೆಂಪು ಚೇಳು. ನೋಡಲು ಚಿಕ್ಕದು, ಇಕ್ಕಳ ಕಡ್ಡಿಯ ಹಾಗೆ ಸಣ್ಣ, ಆದರೆ ಅದರ ವಿಷ ಜೀವ ತೆಗೆಯುವಂಥದ್ದು. ಮಹಾರಾಷ್ಟ್ರದ ಮಹಾಡದಲ್ಲಿ ಡಾಕ್ಟರ್ ಹಿಮ್ಮತ್‌ರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಮಾತ್ರೆಯಿಂದ ರೋಗಿಗಳನ್ನು ಉಳಿಸುವ ದಾರಿ ತೋರಿಸುವ ತನಕ ಇದು ಕುಟುಕಿ ಸತ್ತವರು ಬಹಳ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕರಿಯನ ಜಾತಿಯ ದಪ್ಪ ಇಕ್ಕಳದ ಕಪ್ಪು ಚೇಳಿನ ವಿಷ ಅಷ್ಟು ಜೋರಲ್ಲ. ಆದರೂ ನಾನು ಅವನನ್ನು ಕೈಯಲ್ಲಿ ಮುಟ್ಟುವುದಿಲ್ಲ. ಉದ್ದದ ಚಿಮಟ ಇದೆ, ಎಲ್ಲ ಅದರಲ್ಲೇ.

ದಪ್ಪ ಇಕ್ಕಳ ಅಂದೆನಲ್ಲ, ಊಟದ ವಿಷಯ ಶುರುವಾಗುವುದೇ ಅಲ್ಲಿಂದ. ಈ ಜಾತಿಯ ಚೇಳು ಎಳೆಯದಾಗಿದ್ದಾಗ ಕೊಂಡಿ ಜಾಸ್ತಿ ಬಳಸುತ್ತದೆ. ಬೆಳೆಯುತ್ತಾ ಹೋದ ಹಾಗೆ ಬೇಟೆಯನ್ನು ಇಕ್ಕಳದಲ್ಲೇ ಹಿಡಿದು ಹಿಚುಕಿಬಿಡುತ್ತದೆ. ಕರಿಯನಿಗೆ ಆ ಬಲ ಅರ್ಧ ಹೋಗಿದೆ. ಇದು ನನಗೆ ಮೊದಲ ದಿನ ಹೊಳೆಯಲಿಲ್ಲ.

ಗದ್ದೆ ಬದುವಿನಿಂದ ಒಂದು ಹಸಿರು ಮಿಡತೆ ಹಿಡಿದು ತಂದು ಹಾಕಿದೆ. ಬಾಲ ಬಿಟ್ಟು ಚೇಳಿನ ಮೈ ಎಷ್ಟಿದೆಯೋ ಅದಕ್ಕಿಂತ ದೊಡ್ಡ ಹುಳ ಹಾಕಬಾರದು ಅಂತ ಸಾಕುವವರು ಹೇಳುತ್ತಾರೆ. ಆ ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಕರಿಯ ಬಂದ, ಬಲಗಡೆಯಿಂದ ಹಿಡಿದ. ಮಿಡತೆಯ ಹಿಂಗಾಲಿನಲ್ಲಿ ಗರಗಸದ ಹಾಗೆ ಮುಳ್ಳು ಇರುತ್ತದಲ್ಲ, ಆ ಕಾಲಿನಿಂದ ಅದು ಒದ್ದ ರಭಸಕ್ಕೆ ಇವನ ಮುಖ ತಿರುಗಿಹೋಯಿತು. ಎರಡು ಇಕ್ಕಳ ಇದ್ದಿದ್ದರೆ ಇನ್ನೊಂದರಲ್ಲಿ ಆ ಕಾಲನ್ನು ಅದುಮುತ್ತಿದ್ದ. ಬಿಟ್ಟುಬಿಟ್ಟ. ತೊಗಟೆಯ ಕೆಳಗೆ ಸೇರಿದವನು ಎರಡು ರಾತ್ರಿ ಹೊರಗೆ ಬರಲಿಲ್ಲ. ನನಗೆ ಅನ್ನ ಸೇರಲಿಲ್ಲ.

ಅಲ್ಲಿಂದ ಲೆಕ್ಕ ಬದಲಾಯಿತು. ಅವನ ಮೈಯ ಅರ್ಧದಷ್ಟು ಹುಳ, ಅದೂ ಒದೆಯದ ಹುಳ.

ತೋಟದಿಂದ ಹುಳ ತರುವುದನ್ನೂ ನಿಲ್ಲಿಸಿದೆ. ಕಾರಣ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕದ ಕಾಟ, ಹಣ್ಣಿಗೆ ಕಾಯಿಕೊರಕದ ಕಾಟ. ಔಷಧಿ ಹೊಡೆಯದೆ ಬೆಳೆಗಾರನಿಗೆ ಗತಿಯಿಲ್ಲ. ಆ ಔಷಧಿ ಮೈಮೇಲಿದ್ದ ಮಿಡತೆ ನಮ್ಮ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಚೇಳಿನ ಹೊಟ್ಟೆಗೆ ಹೋದಾಗಲೇ ಗೊತ್ತಾಗುವುದು. ಅಮ್ಮ ಹೇಳಿದರು, "ಬಚ್ಚಲಲ್ಲಿ ಇಷ್ಟೊಂದು ಜಿರಲೆ ಇವೆಯಲ್ಲೋ, ಅದನ್ನೇ ಹಾಕು." ಆದರೆ ಆ ಜಿರಲೆಗೆ ಸೀಮೆಸುಣ್ಣದಂಥ ಔಷಧಿ ಗೀಚಿದ್ದೂ ಅವರೇ ಅಲ್ವಾ! ಅದನ್ನು ದಾಟಿ ಬಂದ ಜಿರಲೆ ಕೊಡುವ ಹಾಗಿಲ್ಲ. ಮಳೆಗಾಲದ ಶುರುವಿನಲ್ಲಿ ಮಿಂಚುಹುಳ ಕೈಗೇ ಸಿಗುತ್ತವೆ. ಅವುಗಳ ಮೈಯಲ್ಲೇ ವಿಷ ಇರುತ್ತದೆ, ಬೇಡವೇ ಬೇಡ.

ಮೊದಲ ಮಳೆಗೆ ದೀಪಕ್ಕೆ ಮುತ್ತುವ ಈಚಲು ಹುಳ ನಾಲ್ಕೈದು ಕೊಟ್ಟಿದ್ದುಂಟು. ಮೆತ್ತಗಿರುತ್ತವೆ, ಖುಷಿಯಿಂದ ತಿಂದ. ಆದರೆ ವರ್ಷಕ್ಕೆ ಎರಡು ಮೂರು ಸಂಜೆ ಮಾತ್ರ ಏಳುವ ಹುಳವನ್ನು ನಂಬಿಕೊಂಡು ಇರಲು ಆಗುವುದಿಲ್ಲ.

ಆಮೇಲೆ ತರಿಸಿದ್ದು ಚಿಮ್ಮಂಡೆ. ರಾತ್ರಿ ಕಿರ್ರ್ ಅನ್ನುತ್ತದಲ್ಲ, ಅದೇ. ಸಾಕುವವರೆಲ್ಲ ಕ್ರಿಕೆಟ್ ಅಂತಲೇ ಹೇಳುತ್ತಾರೆ. ಹಳೇ ಪ್ಲಾಸ್ಟಿಕ್ ಡಬ್ಬಿ, ಒಳಗೆ ಮೊಟ್ಟೆಯ ಟ್ರೇ, ಮುಚ್ಚಳಕ್ಕೆ ತಂತಿಯ ಬಲೆ. ಇಷ್ಟೇ ಅವುಗಳ ಮನೆ. ನೀರು ಬಟ್ಟಲಿನಲ್ಲಿಟ್ಟರೆ ಮುಳುಗಿ ಸಾಯುತ್ತವೆ, ಅದಕ್ಕೆ ಕ್ಯಾರೆಟ್ ತುಂಡು, ಸೀಮೆಬದನೆ ಹೋಳು ಇಡುತ್ತೇನೆ. ಕರಿಯನಿಗೆ ಕೊಡುವ ಹಿಂದಿನ ದಿನ ಚೆನ್ನಾಗಿ ತಿನ್ನಿಸುತ್ತೇನೆ. ಹುಳದ ಹೊಟ್ಟೆಯಲ್ಲಿ ಏನಿದೆಯೋ ಅದೇ ತಾನೇ ಚೇಳಿಗೆ ಸೇರುವುದು. ಹಸಿದ ಚಿಮ್ಮಂಡೆ ಬರೀ ಸಿಪ್ಪೆ.

ಆದರೆ ಚಿಮ್ಮಂಡೆಯಿಂದಲೇ ನನ್ನ ಕೈಯಲ್ಲಿ ದೊಡ್ಡ ತಪ್ಪು ನಡೆದುಹೋಯಿತು. ಅದನ್ನು ಮುಚ್ಚಿಡುವುದಿಲ್ಲ.

ಜನವರಿಯಲ್ಲಿ ಕರಿಯ ಊಟ ಬಿಟ್ಟ. ಮೂರು ವಾರ ಏನೂ ಮುಟ್ಟಲಿಲ್ಲ. ಮೈ ಮಾತ್ರ ಉಬ್ಬಿಕೊಂಡು, ಬೆನ್ನಿನ ಪಟ್ಟಿಗಳ ಮಧ್ಯೆ ಚರ್ಮ ಕಾಣುತ್ತಿತ್ತು. ಹಸಿದಿರುತ್ತಾನೆ ಅಂದುಕೊಂಡು ಎರಡು ಚಿಮ್ಮಂಡೆ ಬಿಟ್ಟು ಮಲಗಿದೆ. ಬೆಳಗಿನ ಜಾವ ಎದ್ದು ನೇರಳೆ ಬೆಳಕಿನ ಯುವಿ ಟಾರ್ಚ್ ಹಾಕಿದೆ. ಆ ಬೆಳಕಿಗೆ ಚೇಳು ಹಸಿರು ನೀಲಿಯಾಗಿ ಹೊಳೆಯಬೇಕು. ಹೊಳೆಯುತ್ತಿದ್ದದ್ದು ಖಾಲಿ ಚಿಪ್ಪು. ಅದರ ಪಕ್ಕದಲ್ಲಿ ಅವನು ಮಲಗಿದ್ದ, ಬೆಣ್ಣೆಯ ಬಣ್ಣಕ್ಕೆ ತಿರುಗಿ, ಹೊಳಪೇ ಇಲ್ಲದೆ. ಪೊರೆ ಬಿಟ್ಟ ಹೊಸತರಲ್ಲಿ ಚೇಳು ಹೊಳೆಯುವುದಿಲ್ಲ, ಚರ್ಮ ಗಟ್ಟಿಯಾದ ಮೇಲೆಯೇ ಆ ಬಣ್ಣ ಬರುವುದು. ಅಷ್ಟು ಮೆತ್ತಗಿನ ಕಾಲಿನ ತುದಿಯನ್ನು ಒಂದು ಚಿಮ್ಮಂಡೆ ಕೂತು ಕಡಿಯುತ್ತಿತ್ತು.

ಚಿಮಟದಲ್ಲಿ ಎಳೆದು ಹಾಕಿದೆ. ಬಲಗಡೆಯ ಕೊನೆಯ ಕಾಲು ನೋಡಿ, ತುದಿ ಇಲ್ಲ. ಅದು ನನ್ನಿಂದಾದದ್ದು. ಇಕ್ಕಳ ಹೊಸದಾಗಿ ಬರಬಹುದು ಅಂತ ಆಸೆ ಇತ್ತು, ಪೊರೆ ಬಿಟ್ಟರೂ ಅದು ಮೋಟಾಗಿಯೇ ಉಳಿಯಿತು.

ಆವತ್ತಿನಿಂದ, ಬೆಳಿಗ್ಗೆ ಹೊತ್ತಿಗೆ ತಿನ್ನದೆ ಉಳಿದ ಹುಳ ಪೆಟ್ಟಿಗೆಯಲ್ಲಿ ಇರಕೂಡದು. ಚೇಳು ದಪ್ಪಗಾಗಿ ಊಟ ಬಿಟ್ಟರೆ ಪೊರೆ ಬಿಡುವ ಸಮಯ ಬಂತು ಅಂತ ಅರ್ಥ. ಆಗ ನೀರಿನ ತಟ್ಟೆ ಸಾಕು. ಪೊರೆ ಬಿಟ್ಟ ಮೇಲೂ ಮೈ ಕಪ್ಪಾಗಿ ಗಟ್ಟಿಯಾಗುವ ತನಕ ಹುಳ ಹಾಕಬೇಡಿ. ಬೆಳೆದ ಚೇಳು ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಆತುರ ನಮ್ಮದು.

ಮೀಲ್‌ವರ್ಮ್ ಅನ್ನುವ ದುಂಬಿಯ ಮರಿಹುಳ ಸುಲಭವಾಗಿ ಸಿಗುತ್ತದೆ. ಹಕ್ಕಿ, ಮೀನು ಮಾರುವ ಕೆಲವು ಅಂಗಡಿಗಳಲ್ಲಿ ಇಟ್ಟಿರುತ್ತಾರೆ. ಹಿಡಿಯಲೂ ಸುಲಭ, ಒದೆಯುವುದಿಲ್ಲ. ಒಂದೇ ತೊಂದರೆ, ಹಾಕಿದ ತಕ್ಷಣ ಪೆಟ್ಟಿಗೆಯ ತಳಕ್ಕೆ ಹಾಸಿದ ಕೋಕೋಪೀಟ್, ಅಂದ್ರೆ ತೆಂಗಿನ ನಾರಿನ ಪುಡಿಯ ಒಳಗೆ ಇಳಿದು ಕಾಣೆಯಾಗುತ್ತದೆ. ಒಂದು ತಿಂಗಳ ಮೇಲೆ ಮಣ್ಣು ಕೆದಕಿದಾಗ ಕಪ್ಪು ದುಂಬಿ ಎದ್ದು ಬಂತು, ಅದೇ ಹುಳ ಕೋಶ ಕಟ್ಟಿ ದುಂಬಿಯಾಗಿತ್ತು. ಈಗ ತಲೆ ಅದುಮಿ, ಸಣ್ಣ ಮುಚ್ಚಳದಲ್ಲಿಟ್ಟು ಕೊಡುತ್ತೇನೆ. ಮೈ ಇನ್ನೂ ಅಲುಗಾಡುತ್ತಿರುತ್ತದೆ, ಅವನಿಗೆ ಗೊತ್ತಾಗಲು ಅಷ್ಟು ಸಾಕು. ಚೇಳು ಕಣ್ಣನ್ನು ನಂಬುವ ಪ್ರಾಣಿಯಲ್ಲ. ನೆಲದ ನಡುಕ ಕಾಲಿಗೆ ತಿಳಿಯುತ್ತದೆ, ಗಾಳಿಯ ಅಲುಗಾಟ ಇಕ್ಕಳದ ಮೇಲಿನ ಸಣ್ಣ ಕೂದಲಿಗೆ ತಿಳಿಯುತ್ತದೆ.

ರಾಮನಗರದ ನೆಂಟರು ಒಂದು ಸಲ ರೇಷ್ಮೆ ಹುಳ ತಂದುಕೊಟ್ಟಿದ್ದರು. ನಾನು ಕೊಟ್ಟ ಊಟಗಳಲ್ಲಿ ಅದೇ ಒಳ್ಳೆಯದು. ಗಟ್ಟಿ ಚಿಪ್ಪಿಲ್ಲ, ಮುಳ್ಳಿಲ್ಲ, ಓಡುವುದಿಲ್ಲ, ಕಚ್ಚುವುದಿಲ್ಲ. ಹಿಪ್ಪುನೇರಳೆ ಸೊಪ್ಪು ದಿನಾ ಬೇಕು ಅನ್ನುವುದೇ ಕಷ್ಟ. ಇಲಿಮರಿ ಹಾಕಿ ವಿಡಿಯೋ ಮಾಡುವವರಿದ್ದಾರೆ. ಅದು ಚೇಳಿಗೆ ಬೇಕಾದದ್ದಲ್ಲ, ನಾನು ಯಾವತ್ತೂ ಹಾಕುವುದಿಲ್ಲ.

ಕೊನೆಗೆ ನಿಂತದ್ದು ಡುಬಿಯಾ ಜಿರಲೆಯ ಮೇಲೆ. ನಮ್ಮ ಬಚ್ಚಲಿನ ಜಿರಲೆಯಲ್ಲ, ಸಾಕಲೆಂದೇ ಬೆಳೆಸುವ ಜಾತಿ. ನುಣುಪಾದ ಗಾಜು ಹತ್ತಲಾರದು, ಮೆಲ್ಲಗೆ ನಡೆಯುತ್ತದೆ, ಕಿರ್ರ್ ಅನ್ನುವುದಿಲ್ಲ. ಅದರ ಮರಿಗಳು ಬೇರೆ ಬೇರೆ ಅಳತೆಯಲ್ಲಿ ಸಿಗುವುದೇ ದೊಡ್ಡ ಅನುಕೂಲ. ಕರಿಯನ ಒಂದೇ ಇಕ್ಕಳಕ್ಕೆ ಹೊಂದುವ ಅಳತೆ ಆರಿಸಿಕೊಳ್ಳಬಹುದು. ಅಮ್ಮ ಒಪ್ಪಲು ಎರಡು ವಾರ ಬೇಕಾಯಿತು. ಡಬ್ಬಿ ಅಡುಗೆಮನೆಯ ಕಡೆ ಬರಬಾರದು ಅನ್ನುವುದೊಂದೇ ಅವರ ಷರತ್ತು.

ಬೇಸಿಗೆಯಲ್ಲಿ ವಾರಕ್ಕೊಂದು ಕೊಡುತ್ತೇನೆ. ಡಿಸೆಂಬರ್ ಚಳಿಯಲ್ಲಿ ಎರಡು ವಾರಕ್ಕೊಂದೂ ಜಾಸ್ತಿ, ತಣ್ಣಗಾದರೆ ಅವನ ಹೊಟ್ಟೆಯ ಕೆಲಸವೂ ನಿಧಾನ.

ಇರಿ, ಮಾತು ಸಾಕು. ಹೊರಗೆ ಬಂದ.

ಡುಬಿಯಾ ಮರಿ ತೊಗಟೆಯ ಅಂಚಿನಲ್ಲಿದೆ. ಕರಿಯ ಅಲುಗಾಡುತ್ತಿಲ್ಲ, ಬಲಗಡೆಯ ಇಕ್ಕಳ ಮಾತ್ರ ಬಿಚ್ಚಿದೆ. ನೋಡಿ, ಮೊದಲು ಮೋಟು ಕೈಯನ್ನು ಹುಳದ ಮೇಲೆ ಇಡುತ್ತಾನೆ. ಒತ್ತುತ್ತಾನೆ, ಹಿಡಿಯುವುದಿಲ್ಲ. ಹುಳ ಮಣ್ಣಿಗೆ ಅದುಮಿಕೊಂಡಾಗ ಬಲ ಇಕ್ಕಳ ಬಂತು. ಸಿಕ್ಕಿತು. ಇದನ್ನು ಯಾರೂ ಹೇಳಿಕೊಡಲಿಲ್ಲ ಅವನಿಗೆ.

ಈಗ ಬಾಯಿಯ ಹತ್ತಿರದ ಎರಡು ಪುಟ್ಟ ದವಡೆ ಒಂದೊಂದೇ ಚೂರು ಹರಿಯುತ್ತಿವೆ. ಚೇಳು ನುಂಗುವುದಿಲ್ಲ. ರಸ ಬಿಟ್ಟು ಕರಗಿಸಿ, ಹೀರುತ್ತದೆ. ಇನ್ನು ಮೂರ್ನಾಲ್ಕು ಗಂಟೆ ಹೀಗೇ ಕೂತಿರುತ್ತಾನೆ. ಕರೆಂಟ್ ಮತ್ತೆ ಹೋಯಿತು, ಆದರೆ ಮೈಕ್ ಹತ್ತಿರ ಹಿಡಿದರೆ ಮಳೆಯ ಸದ್ದಿನ ನಡುವೆ ಸಣ್ಣಗೆ ಕಟಕಟ ಕೇಳುತ್ತದೆ.

ಬೆಳಿಗ್ಗೆ ತೊಗಟೆಯ ಪಕ್ಕದಲ್ಲಿ ಕಾಳುಮೆಣಸಿನ ಗಾತ್ರದ ಒಂದು ಒಣ ಉಂಡೆ ಬಿದ್ದಿರುತ್ತದೆ, ತಿಂದು ಬಿಟ್ಟ ಚಿಪ್ಪಿನದು. ಅದನ್ನು ಚಿಮಟದಲ್ಲಿ ತೆಗೆದು, ನೀರಿನ ತಟ್ಟೆ ತೊಳೆದಿಟ್ಟು, ಅಮ್ಮನಿಗೆ ಹೇಳಬೇಕು. ಉಂಡನಾ ಅಂತ ಮೊದಲು ಕೇಳುವವರು ಈಗ ಅವರೇ.