ಕೂದಲೆಳೆಯ ಅಂತರದಲ್ಲಿ ನಿಂತ ಆಕಾರ

ಕೇಳುಗರಿಗೆಲ್ಲ ನಮಸ್ಕಾರ.

ಪ್ರೋಟೀನು ಎಂದ ಕೂಡಲೇ ಊಟದ ವಿಚಾರ ಎಂದುಕೊಳ್ಳಬೇಡಿ. ನಾನು ಹೇಳಹೊರಟಿರುವುದು ಜೀವಕೋಶದೊಳಗೆ ದುಡಿಯುವ ಪ್ರೋಟೀನುಗಳ ಸಂಗತಿ, ಅದರಲ್ಲೂ ಅವುಗಳ ಆಕಾರದ ಸಂಗತಿ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್, ರೋಗಾಣುವಿಗೆ ಅಂಟಿಕೊಳ್ಳುವ ಪ್ರತಿಕಾಯ, ತಿಂದದ್ದನ್ನು ಅರಗಿಸುವ ಕಿಣ್ವ, ಎಲ್ಲವೂ ಹುಟ್ಟುವಾಗ ಬರೀ ಸರಪಳಿಗಳು. 20 ಬಗೆಯ ಅಮೈನೋ ಆಮ್ಲಗಳು ಗೊತ್ತಾದ ಸಾಲಿನಲ್ಲಿ ಕೊಂಡಿ ಹಾಕಿಕೊಂಡರೆ ಸರಪಳಿ ಆಯಿತು. ಅದು ಮಡಿಚಿ, ತಿರುಚಿ, ತನ್ನದೇ ಒಂದು ಆಕಾರಕ್ಕೆ ಬಂದ ಮೇಲೆಯೇ ಹೇಳಿದ ಕೆಲಸ ಶುರುವಾಗುವುದು.

ಅಂಥ ಆಕಾರ ಮೊದಲ ಸಲ ಕಣ್ಣಿಗೆ ಬಿದ್ದದ್ದು 1958ರಲ್ಲಿ. ಜಾನ್ ಕೆಂಡ್ರೂ ಮತ್ತು ಸಂಗಡಿಗರು ಎಕ್ಸ್‌ರೇ ಬಳಸಿ, ಸ್ನಾಯುಗಳಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಎಂಬ ಪ್ರೋಟೀನಿನ ರೂಪ ಬಿಡಿಸಿದರು. ಅಚ್ಚುಕಟ್ಟಾದ ಚೆಲುವನ್ನು ನಿರೀಕ್ಷಿಸಿದ್ದವರಿಗೆ ಸಿಕ್ಕಿದ್ದು ಯಾವ ಸಮ್ಮಿತಿಯೂ ಇಲ್ಲದ ಗೋಜಲು. ಆದರೆ ಒಂದು ಮಯೋಗ್ಲೋಬಿನ್ ಹೇಗೆ ಗೋಜಲಾಗಿದೆಯೋ ಪ್ರತಿಯೊಂದೂ ಹಾಗೆಯೇ ಗೋಜಲಾಗಿತ್ತು. ಸೋಜಿಗ ಇರುವುದು ಇಲ್ಲಿ. ಹೀಗೆಯೇ ಮಡಿಚಿಕೋ ಎಂದು ಅದಕ್ಕೆ ಹೇಳಿಕೊಟ್ಟವರು ಯಾರು?

ಉತ್ತರ ಕೊಟ್ಟ ಪ್ರಯೋಗವನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಅಷ್ಟು ಸೊಗಸಾಗಿದೆ ಅದು. ಮಾಡಿದವರು ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್‌ಸನ್. ಅವರು ಆರಿಸಿಕೊಂಡದ್ದು ರೈಬೋನ್ಯೂಕ್ಲಿಯೇಸ್ ಎಂಬ ಪುಟ್ಟ ಕಿಣ್ವ, 124 ಅಮೈನೋ ಆಮ್ಲಗಳ ಸರಪಳಿ. ಅದರಲ್ಲಿ 8 ಕಡೆ ಗಂಧಕದ ತುದಿಗಳಿದ್ದು, ಎರಡೆರಡು ಸೇರಿ ನಾಲ್ಕು ಜೋಡಿ ಕಟ್ಟಿಕೊಂಡಿರುತ್ತವೆ. ಆನ್‌ಫಿನ್‌ಸನ್ ಅದನ್ನು ಗಾಢವಾದ ಯೂರಿಯಾ ದ್ರಾವಣದಲ್ಲಿ ಹಾಕಿ, ಗಂಧಕದ ಜೋಡಿ ಬಿಡಿಸುವ ಇನ್ನೊಂದು ರಾಸಾಯನಿಕವನ್ನೂ ಸೇರಿಸಿದರು. ಸರಪಳಿ ಪೂರ್ತಿ ಬಿಚ್ಚಿಕೊಂಡಿತು, ಕಿಣ್ವದ ಕೆಲಸ ನಿಂತಿತು. ಎರಡನ್ನೂ ತೆಗೆದು ಗಾಳಿಯಾಡಲು ಬಿಟ್ಟರೆ ಅದು ತಾನಾಗಿ ಮಡಿಚಿಕೊಂಡು ಮತ್ತೆ ಕೆಲಸಕ್ಕೆ ತೊಡಗಿತು. ಆ ಕೊಳವೆಯಲ್ಲಿ ಜೀವಕೋಶ ಇರಲಿಲ್ಲ, ಜೀನ್ ಇರಲಿಲ್ಲ. ಇದ್ದದ್ದು ಸರಪಳಿ ಮತ್ತು ನೀರು.

ಇದಕ್ಕಿಂತ ಚತುರವಾದದ್ದು ಎರಡನೆಯ ಹೆಜ್ಜೆ. ಯೂರಿಯಾ ಇನ್ನೂ ಇರುವಾಗಲೇ, ಅಂದರೆ ಸರಪಳಿ ಬಿಚ್ಚಿಕೊಂಡಿರುವಾಗಲೇ, ಗಂಧಕದ ತುದಿಗಳು ಜೋಡಿಯಾಗಲಿ ಎಂದು ಬಿಟ್ಟರು. ಮೊದಲ ತುದಿಗೆ ಏಳು ಸಂಗಾತಿಗಳ ಆಯ್ಕೆ, ಮುಂದಿನದಕ್ಕೆ ಐದು, ಆಮೇಲೆ ಮೂರು. ಗುಣಿಸಿದರೆ 105 ರೀತಿ, ಅದರಲ್ಲಿ ಸರಿಯಾದದ್ದು ಒಂದೇ. ಲೆಕ್ಕಕ್ಕೆ ತಕ್ಕಂತೆ, ಹೀಗೆ ಅಡ್ಡಾದಿಡ್ಡಿ ಜೋಡಿಯಾದ ಕಿಣ್ವಕ್ಕೆ ಉಳಿದದ್ದು ನೂರರಲ್ಲಿ ಒಂದು ಪಾಲಿನಷ್ಟು ಕಸುವು. ಈಗ ಯೂರಿಯಾ ತೆಗೆದು, ಜೋಡಿ ಬಿಡಿಸುವ ರಾಸಾಯನಿಕದ ಲವಲೇಶ ಹಾಕಿದರು. ತಪ್ಪು ಜೋಡಿಗಳು ಕಳಚಿ, ಬದಲಾಗಿ, ಕೆಲವು ಗಂಟೆಗಳಲ್ಲಿ ಕಿಣ್ವ ಮೊದಲಿನ ರೂಪಕ್ಕೆ ಬಂತು. ಹಾಗಾದರೆ ಗಂಧಕದ ಜೋಡಿಗಳು ಆಕಾರವನ್ನು ರೂಪಿಸುವುದಿಲ್ಲ, ರೂಪುಗೊಂಡ ಆಕಾರಕ್ಕೆ ಬಿಗಿ ಕೊಡುತ್ತವೆ, ಅಷ್ಟೆ. ಆಕಾರದ ಗುಟ್ಟು ಇರುವುದು ಅಮೈನೋ ಆಮ್ಲಗಳ ಸಾಲಿನಲ್ಲೇ. ಆನ್‌ಫಿನ್‌ಸನ್‌ರಿಗೆ 1972ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಈ ಕೆಲಸಕ್ಕೆ.

ಸರಿ, ಸಾಲಿನಲ್ಲಿ ಬರೆದಿದೆ ಎಂದರಾಯಿತೇ? ಸರಪಳಿಯನ್ನು ಒಳಕ್ಕೆ ಎಳೆಯುವ ಬಲ ಯಾವುದು? ಪಠ್ಯಪುಸ್ತಕಗಳು ಇಲ್ಲಿ ಹೈಡ್ರೋಜನ್ ಬಂಧಕ್ಕೆ, ಅಂದರೆ ಹೈಡ್ರೋಜನ್ ಪರಮಾಣುವಿನ ಮೂಲಕ ಏರ್ಪಡುವ ಸಡಿಲ ಸೆಳೆತಕ್ಕೆ, ಸಲ್ಲದಷ್ಟು ಮರ್ಯಾದೆ ಕೊಡುತ್ತವೆ ಎಂದು ನನ್ನ ಅನಿಸಿಕೆ. ಬಿಚ್ಚಿಕೊಂಡ ಸರಪಳಿ ಆ ಬಂಧಗಳನ್ನು ಸುತ್ತಲಿನ ನೀರಿನೊಂದಿಗೆ ಕಟ್ಟಿಕೊಂಡಿರುತ್ತದೆ, ಮಡಿಚಿದಾಗ ತನ್ನೊಳಗೆ ಕಟ್ಟಿಕೊಳ್ಳುತ್ತದೆ. ಕೊಟ್ಟದ್ದೆಷ್ಟೋ ಬಂದದ್ದೂ ಹೆಚ್ಚುಕಡಿಮೆ ಅಷ್ಟೇ. ನಿಜವಾದ ಲಾಭ ನೀರಿನಿಂದ. 20 ಅಮೈನೋ ಆಮ್ಲಗಳಲ್ಲಿ ಕೆಲವಕ್ಕೆ ಎಣ್ಣೆಯ ಗುಣ, ನೀರಿನೊಂದಿಗೆ ಬೆರೆಯವು. ಅಂಥ ಗುಂಪು ಎದುರಾದಾಗ ಪಕ್ಕದ ನೀರಿನ ಅಣುಗಳು ತಮ್ಮ ಸ್ವೇಚ್ಛೆ ಕಳೆದುಕೊಂಡು ಅದರ ಸುತ್ತ ಶಿಸ್ತಾಗಿ ನಿಲ್ಲಬೇಕಾಗುತ್ತದೆ. ಎಣ್ಣೆಗುಣದವೆಲ್ಲ ಒಳಗೆ ಒತ್ತಾಗಿ ಸೇರಿಕೊಂಡುಬಿಟ್ಟರೆ ಆ ನೀರಿಗೆ ಬಿಡುಗಡೆ. ವಾಲ್ಟರ್ ಕೌಜ್‌ಮನ್ 1959ರಲ್ಲಿ ಒತ್ತಿ ಹೇಳಿದ ಮಾತು ಇದು. ಹಾಗೆಂದು ಹೈಡ್ರೋಜನ್ ಬಂಧ ದಂಡವೇನಲ್ಲ. ನೀರು ಸಿಗದ ಒಳಭಾಗದಲ್ಲಿ ಸರಪಳಿಯ ಬೆನ್ನಿಗೆ ಸಂಗಾತಿ ಬೇಕಲ್ಲ? ಅದಕ್ಕೇ ಲೈನಸ್ ಪಾಲಿಂಗ್ 1951ರಲ್ಲಿ ಊಹಿಸಿದ ಸುರುಳಿ, ಹಾಳೆಗಳ ವಿನ್ಯಾಸ. ಸರಪಳಿ ಯಾವ ಯಾವ ಕೋನದಲ್ಲಿ ತಿರುಗಿದರೆ ಪರಮಾಣುಗಳು ಒಂದಕ್ಕೊಂದು ಡಿಕ್ಕಿಯಾಗುವುದಿಲ್ಲ ಎಂಬುದನ್ನು ಮದರಾಸು ವಿಶ್ವವಿದ್ಯಾಲಯದಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಜೊತೆಯವರು 1963ರಲ್ಲಿ ನಕ್ಷೆ ಮಾಡಿಕೊಟ್ಟರು. ಹೊಸ ಪ್ರೋಟೀನಿನ ರಚನೆ ಬಿಡಿಸಿದವರು ಇವತ್ತಿಗೂ ತಾಳೆ ನೋಡುವುದು ಆ ನಕ್ಷೆಯೊಂದಿಗೆ.

ಈಗ ನನಗೆ ಎಲ್ಲಕ್ಕಿಂತ ವಿಚಿತ್ರ ಅನಿಸುವ ಸಂಗತಿಗೆ ಬರುತ್ತೇನೆ. ತಕ್ಕಡಿಯ ಒಂದು ತಟ್ಟೆಯಲ್ಲಿ ನೀರಿನ ಒತ್ತಾಸೆ, ಇನ್ನೊಂದರಲ್ಲಿ ಹೇಗೆ ಬೇಕಾದರೂ ಓಲಾಡಬಲ್ಲ ಸರಪಳಿಯ ಸ್ವಾತಂತ್ರ್ಯ. ಎರಡೂ ಭಾರಿ ತೂಕವೇ. ತಟ್ಟೆ ಮಡಿಚಿದ ರೂಪದ ಕಡೆ ವಾಲುವುದು ಕೂದಲೆಳೆಯಷ್ಟು, ಸಾಮಾನ್ಯವಾಗಿ ಮೋಲ್ ಒಂದಕ್ಕೆ (ಮೋಲ್ ಎಂದರೆ ಅಣುಗಳನ್ನು ಎಣಿಸುವ ಅಳತೆ) 5ರಿಂದ 15 ಕಿಲೋಕ್ಯಾಲರಿ. ಎರಡು ಇಂಗಾಲದ ಪರಮಾಣುಗಳ ನಡುವಿನ ಒಂದೇ ಒಂದು ಬಂಧ ಮುರಿಯಲು 80ಕ್ಕೂ ಹೆಚ್ಚು ಬೇಕು. ಸಾವಿರಾರು ಪರಮಾಣುಗಳ ಇಡೀ ಕಟ್ಟಡ ಇಷ್ಟು ಸಣ್ಣ ಅಂತರದ ಮೇಲೆ ನಿಂತಿದೆ. ದೌರ್ಬಲ್ಯ ಎನ್ನೋಣವೇ? ಬಿಗಿಯಾಗಿ ಕೂತುಬಿಟ್ಟ ಹಿಮೋಗ್ಲೋಬಿನ್ ಆಮ್ಲಜನಕ ಹಿಡಿಯಲು, ಬಿಡಲು ಮೈ ಹೊರಳಿಸುವುದು ಹೇಗೆ? ಬಳಸಿ ಮುಗಿದ ಪ್ರೋಟೀನನ್ನು ಕೋಶ ಬಿಚ್ಚಿ ಮರುಬಳಕೆ ಮಾಡುವುದು ಹೇಗೆ?

ಅಂತರ ಸಣ್ಣದು ಎಂಬುದಕ್ಕೆ ಹಳೆಯ ನಾವಿಕರು ತಮ್ಮ ಮೈಯಲ್ಲೇ ಸಾಕ್ಷಿ ಹೊತ್ತಿದ್ದರು. ಚರ್ಮ, ವಸಡು, ರಕ್ತನಾಳಗಳಿಗೆ ಬಲ ಕೊಡುವುದು ಕೊಲಾಜೆನ್, ಮೂರೆಳೆಯ ಹುರಿ. ಈ ಮೂರೆಳೆಯ ರಚನೆಯ ಹಿಂದೆಯೂ ರಾಮಚಂದ್ರನ್, ಜೊತೆಗೆ ಗೋಪಿನಾಥ್ ಕರ್ತಾ ಇದ್ದಾರೆ. ಆ ಎಳೆಗಳಲ್ಲಿರುವ ಪ್ರೋಲೀನ್ ಎಂಬ ಅಮೈನೋ ಆಮ್ಲಗಳಿಗೆ ಅಲ್ಲಲ್ಲಿ ಒಂದೊಂದು ಆಮ್ಲಜನಕ ಸೇರಿಸಬೇಕು, ಅದಕ್ಕೆ ವಿಟಮಿನ್ ಸಿ ಬೇಕು. ಅದು ಸಿಗದೆ ಆಮ್ಲಜನಕ ಸೇರದಿದ್ದರೆ ಹೊಸ ಹುರಿ ದೇಹದ ಬಿಸಿಯಲ್ಲೇ ಬಿಚ್ಚಿಕೊಳ್ಳುತ್ತದೆ. ವಸಡಿನಲ್ಲಿ ರಕ್ತ ಒಸರುತ್ತದೆ, ಮಾಗಿದ್ದ ಗಾಯ ಮತ್ತೆ ಬಾಯಿಬಿಡುತ್ತದೆ. ಸ್ಕರ್ವಿ ಎಂದರೆ ಇದು.

ಜೀವಕೋಶಕ್ಕೆ ಈ ಅಪಾಯ ಗೊತ್ತಿರುವಂತಿದೆ. ಬಿಸಿ ಏರಿದಾಗ ಅದು ಆಸರೆ ಪ್ರೋಟೀನುಗಳನ್ನು ಹೆಚ್ಚಾಗಿ ತಯಾರಿಸುತ್ತದೆ. ಅರೆಬರೆ ಮಡಿಚಿದ ಸರಪಳಿಗಳು ಒಂದಕ್ಕೊಂದು ಅಂಟಿ ಮುದ್ದೆಯಾಗದಂತೆ ಕಾಯುವುದು ಇವುಗಳ ಕೆಲಸ. ಬ್ಯಾಕ್ಟೀರಿಯಾದ ಗ್ರೋಇಎಲ್ ಅಂತೂ 14 ತುಂಡುಗಳ ಜೋಡಿ ಬಳೆ. ಒಂದು ಸರಪಳಿಯನ್ನು ಒಳಗೆ ಕೂಡಿಸಿ, ಮುಚ್ಚಳ ಹಾಕಿ, ಏಕಾಂತದಲ್ಲಿ ಮಡಿಚಿಕೊಳ್ಳಲು ಬಿಡುತ್ತದೆ.

ಕಂಪ್ಯೂಟರಿನ ಮಾತು ಬಿಡುವಂತಿಲ್ಲ. ಸಾಲು ಕೊಟ್ಟರೆ ಆಕಾರ ಹೇಳುವ ಆಲ್ಫಾಫೋಲ್ಡ್‌ಗಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ 2024ರ ನೊಬೆಲ್‌ನಲ್ಲಿ ಪಾಲು ಪಡೆದರು. 20 ಕೋಟಿಗೂ ಮೀರಿದ ಆಕಾರಗಳು ಈಗ ಯಾರಿಗಾದರೂ ಲಭ್ಯ. ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ ಅದು ತೋರಿಸುವುದು ಮುಗಿದ ರೂಪವನ್ನು. ಸರಪಳಿ ಯಾವ ದಾರಿಯಲ್ಲಿ ಅಲ್ಲಿಗೆ ಬಂತು, ಎಷ್ಟು ಭದ್ರವಾಗಿ ನಿಂತಿದೆ ಎಂಬುದು ಆ ಚಿತ್ರದಿಂದ ತಿಳಿಯದು.

ರೋಗಿಗೆ ಬೇಕಾದದ್ದೋ ಆ ಭದ್ರತೆಯ ಲೆಕ್ಕವೇ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆ ನೋಡಿ. 1480 ಅಮೈನೋ ಆಮ್ಲಗಳ ಒಂದು ಪ್ರೋಟೀನಿನಲ್ಲಿ 508ನೆಯದು ಬಿಟ್ಟುಹೋಗಿರುವುದು ಅದರ ಅತಿ ಸಾಮಾನ್ಯ ಕಾರಣ. ಮಡಿಕೆ ಕೆಡುತ್ತದೆ, ಕೋಶ ಅದನ್ನು ಗುರುತಿಸಿ ಒಡೆದುಹಾಕುತ್ತದೆ, ಶ್ವಾಸಕೋಶದಲ್ಲಿ ಲೋಳೆ ಗಟ್ಟಿಯಾಗುತ್ತದೆ. ಅದೇ ಕೋಶಗಳನ್ನು ಪ್ರಯೋಗಾಲಯದಲ್ಲಿ 27 ಡಿಗ್ರಿಯಲ್ಲಿ ಬೆಳೆಸಿದಾಗ, ಅದೇ ಕೊರತೆಯ ಪ್ರೋಟೀನು ಮಡಿಚಿಕೊಂಡು ಕೋಶದ ಮೇಲ್ಮೈಗೆ ಬಂತು! ಹಾಗಾದರೆ ಅದು ಪೂರ್ತಿ ಹಾಳಾಗಿಲ್ಲ, ತೂಕದಲ್ಲಿ ಸ್ವಲ್ಪ ಸೋತಿದೆ, ಅಷ್ಟೆ. ರೋಗಿಯ ದೇಹವನ್ನು ಹತ್ತು ಡಿಗ್ರಿ ತಣಿಸಲು ಬರುವುದಿಲ್ಲ. ಆದರೆ ಆ ಪ್ರೋಟೀನಿಗೇ ಅಂಟಿಕೊಂಡು ಅದನ್ನು ನಿಲ್ಲಿಸುವ ಸಣ್ಣ ಅಣುಗಳನ್ನು ಹುಡುಕಲು ಬಂತು. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೂರು ಔಷಧಗಳ ಮಾತ್ರೆಯಲ್ಲಿ ಎರಡರ ಕೆಲಸ ಇದೇ, ಮಡಿಕೆಗೆ ಆನಿಕೆ ಕೊಡುವುದು.